ಇಟಲಿ ದ್ರಾಕ್ಷಿ, ಹಿತ್ತಲ ಒಲೆ

ಫೆಬ್ರುವರಿಯ ಮೊದಲ ಸೋಮವಾರ ಅಪ್ಪ ತೋಟದಿಂದ ಒಂದು ಗೊಂಚಲು ದ್ರಾಕ್ಷಿ ಕೊಯ್ದು ತಂದು ಆಯಿಯ ಪೂಜೆಯ ಮಣೆಯ ಪಕ್ಕದಲ್ಲಿಟ್ಟ. ಗೇಣಿಗಿಂತ ಉದ್ದದ ಗೊಂಚಲು. ಬಿಸಿಲು ಬಿದ್ದ ಕಡೆ ಹೊಂಬಣ್ಣಕ್ಕೆ ತಿರುಗಿತ್ತು, ಇನ್ನೊಂದು ಕಡೆ ಹಸಿರೇ ಇತ್ತು. ಮೂರು ವರ್ಷ ನೀರುಣಿಸಿ, ಕಟ್ಟಿ, ಕತ್ತರಿಸಿ ಬೆಳೆಸಿದ ಬಳ್ಳಿಯ ಮೊದಲ ಹಣ್ಣು.

ಆಯಿ ಎಂದರೆ ಅಪ್ಪನ ತಾಯಿ, ಗುರುಲಿಂಗವ್ವ. ಎಪ್ಪತ್ತಾರು ವರ್ಷ. ಅಂಗೈಯ ಲಿಂಗಕ್ಕೆ ತೋರಿಸದೆ ಅವಳು ಒಂದು ಗುಟುಕು ಚಹಾವನ್ನೂ ಕುಡಿದವಳಲ್ಲ. ಗೊಂಚಲನ್ನು ತೊಳೆದು, ಲಿಂಗಕ್ಕೆ ಅರ್ಪಿಸಿ, ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಕಣ್ಣು ಕಿರಿದಾದವು.

"ಹುಳಿ ಐತಿ. ಬೀಜಾನೂ ಅದಾವ."

"ಇನ್ನೂ ಒಂದ ತಿಂಗಳ ಬೇಕು ಯವ್ವಾ," ಎಂದ ಅಪ್ಪ.

"ಇರಲಿ ಬಿಡು. ಔಷಧಿಗೆ ಹೋಗೂ ಹಣ್ಣು, ಸಿಹಿ ಇದ್ರ ಹೆಂಗ? ರೋಗಿಗೋಳು ಕುಡಿಯೂದು."

ಅಪ್ಪ ಹೆಗಲ ಮೇಲಿನ ಟವೆಲು ಝಾಡಿಸಿಕೊಂಡು ಹೊರಗೆ ಹೋದ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ನನ್ನ ಬಾಯಲ್ಲೂ ಒಂದು ಹಣ್ಣಿತ್ತು. ಬೀಜವನ್ನು ಉಗುಳಲೂ ಆಗದೆ ನುಂಗಲೂ ಆಗದೆ ಕುಳಿತಿದ್ದೆ.

ಬೇವೂರಿನಲ್ಲಿ ನಮ್ಮದು ಮೂರು ಎಕರೆ ತೋಟ. ಅಜ್ಜ ಹೊಳಬಸಪ್ಪ ಇದ್ದಾಗಿನಿಂದ ಬೀಜವಿಲ್ಲದ ದ್ರಾಕ್ಷಿ ಬೆಳೆದು, ಒಣಗಿಸಿ, ಮಣೂಕ ಮಾಡಿ ಮಾರುತ್ತಿದ್ದೆವು. ಎರಡು ವರ್ಷ ಸತತವಾಗಿ, ಒಣ ಹಾಕಿದ ಹೊತ್ತಿಗೇ ಮಳೆ ಬಂತು. ಮಣೂಕ ಕಪ್ಪಾಗಿ ಬೂಸರು ಹಿಡಿಯಿತು. ಒಣಗಿಸುವ ಗೊಡವೆಯೇ ಬೇಡ, ಬಳ್ಳಿಯಿಂದಲೇ ಹೊರಡುವ ಹಣ್ಣು ಬೇಕು ಎಂದು ಅಪ್ಪ ಹಟ ಹಿಡಿದ. ವಿಜಯಪುರದ ಆಚೆಯ ಒಂದು ವೈನ್ ಕಂಪನಿಯವರು ಸಸಿ ಕೊಟ್ಟರು, ಕಂಬ ಕೊಟ್ಟರು, ಫಲ ಬರುವವರೆಗೆ ಮನೆ ಖರ್ಚಿಗೆ ಮುಂಗಡ ಕೊಟ್ಟರು, ಹಣ್ಣು ತಾವೇ ಒಯ್ಯುತ್ತೇವೆ ಎಂದರು. ತಳಿಯ ಹೆಸರು ತ್ರೆಬ್ಯಾನೊ. ಅದು ನಮ್ಮ ಯಾರ ಬಾಯಲ್ಲೂ ನಿಲ್ಲಲಿಲ್ಲ. ಮನೆಯಲ್ಲಿ ಅದು ಇಟಲಿ ದ್ರಾಕ್ಷಿ ಆಯಿತು.

ಅಜ್ಜ ಹೋದ ಮೇಲೆ ಹೊಲ ಆಯಿಯ ಹೆಸರಿನಲ್ಲಿದೆ. ಕರಾರು ಪತ್ರಕ್ಕೆ ಅವಳ ಸಹಿ ಬೇಕಿತ್ತು. ಆಯಿಗೆ ಸಹಿ ಬರುತ್ತದೆ, ಸಣ್ಣ ಅಕ್ಷರ ಕಾಣುವುದಿಲ್ಲ. ಬ್ಯಾಂಕಿನ ಮೆಸೇಜು, ಕರೆಂಟ್ ಬಿಲ್ಲು, ಲಗ್ನಪತ್ರಿಕೆ, ಗುಳಿಗೆಯ ಪಟ್ಟಿಯ ಮೇಲಿನ ಬರಹ, ಎಲ್ಲವನ್ನೂ ನಾನು ಓದುತ್ತಿದ್ದೆ. "ಓದು ಭುವನಾ" ಎನ್ನುತ್ತಿದ್ದಳು. ನಾನು ಓದಿದ್ದೇ ಅವಳಿಗೆ ಬರೆದದ್ದು.

ಮೂರು ವರ್ಷದ ಹಿಂದೆ, ಆ ಸಹಿಯ ದಿನ ಬೆಳಿಗ್ಗೆ ಅಪ್ಪ ನನ್ನನ್ನು ದನದ ಕೊಟ್ಟಿಗೆಗೆ ಕರೆದು ಹೇಳಿದ್ದ: "ಐದನೇ ಕಲಮಿನಾಗ ವೈನ್ ಅಂತ ಬರದಾರ. ಅದನ್ನ ಬಿಟ್ಟ ಓದು. ಔಷಧಿ ಮಾಡ್ತಾರಂತ ನಾ ಹೇಳೇನಿ."

ನಾನು ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಏಳು ಹಾಳೆಯ ಪತ್ರವನ್ನು ಆಯಿಯ ಮುಂದೆ ಕುಳಿತು ಓದುತ್ತಾ ನಾಲ್ಕನೆಯ ಕಲಮಿನಿಂದ ಆರಕ್ಕೆ ಹೋದೆ. ಆಯಿ ಕನ್ನಡಕ ಸರಿಮಾಡಿಕೊಂಡು, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ತನ್ನ ಹೆಸರನ್ನು ನಿಧಾನವಾಗಿ ಬರೆದಳು. ಅಂದಿನ ನನ್ನ ಡೈರಿಯ ಹಾಳೆಯಲ್ಲಿ ತಾರೀಖು ಮಾತ್ರ ಇದೆ.

*

ಪ್ರತಿ ವರ್ಷ ತೋಟದ ಮೊದಲ ಬುಟ್ಟಿ ಶಿವಯೋಗ ಮಂದಿರದ ದಾಸೋಹಕ್ಕೆ ಹೋಗುತ್ತದೆ. ಅದು ಆಯಿ ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ನಡೆದದ್ದು. ಈ ಸಲ ಬದುವಿಗೆ ಉಳಿಸಿಕೊಂಡ ಹಳೆಯ ಬಳ್ಳಿಗಳ ಸಾಲಿನ ಹಣ್ಣು ಒಯ್ಯೋಣ ಎಂದು ಅವ್ವ ಎರಡು ಸಲ ಹೇಳಿದಳು.

"ಹೊಸಾ ಬಳ್ಳಿ ಫಲ ಬಿಟ್ಟೈತಿ. ಅದನ್ನ ಬಿಟ್ಟು ಹಳೇದು ಒಯ್ದ್ರ ಏನಂತಾರ?" ಎಂದು ಆಯಿ ತಾನೇ ಬುಟ್ಟಿ ತುಂಬಿಸಿ ಊರಿನವರ ಜೀಪಿನಲ್ಲಿ ಕಳಿಸಿದಳು. ಅವ್ವ ನನ್ನ ಮುಖ ನೋಡಿದಳು. ನಾನು ಬುಟ್ಟಿಯ ಮೇಲೆ ಎಲೆ ಮುಚ್ಚಿದೆ.

ಮೂರು ದಿನದ ಮೇಲೆ ಅಹ್ಮದಸಾಬ ಬಂದ. ತೋಟದ ಕತ್ತರಿ ಕೆಲಸ ಅಜ್ಜನ ಕಾಲದಿಂದ ಅವನದೇ. ಗೊಂಚಲಿಗೆ ಬಿಸಿಲು ತಾಗುವಂತೆ ಎಲೆ ತೆಗೆಯುತ್ತಿದ್ದ. ಆಯಿ ಬುತ್ತಿ ತೆಗೆದುಕೊಂಡು ಹೋಗಿದ್ದಳು, ಜೊತೆಗೆ ನಾನು.

"ನೀನೂ ಎರಡು ತಿನ್ನೋ ಅಹ್ಮದಸಾಬ. ಹುಳಿ ಅದಾವ ಖರೆ, ಮೈಗೆ ಚಲೋ."

"ತಿನ್ನೂ ಹಣ್ಣಲ್ಲರಿ ಆಯಿ ಇದು. ಬಾಟ್ಲಿಗೆ ಹೋಗೂ ಮಾಲು."

"ಔಷಧಿ ಬಾಟ್ಲಿ."

ಅಹ್ಮದಸಾಬ ನಕ್ಕ. "ಔಷಧಿ ಎಲ್ಲೀದ್ರಿ? ವೈನ್ ಬಾಟ್ಲಿ. ನಾನೂ ಎರಡ ದಿನ ವಿಚಾರ ಮಾಡಿನ ಕತ್ರಿ ಹಿಡದೇನ್ರಿ. ಆಯಿನ ಒಪ್ಪ್ಯಾಳ, ನಂದೇನು ಅಂತ..."

ಆಯಿಯ ಮುಖ ನೋಡಿ ಅವನ ಮಾತು ನಿಂತಿತು. ಕತ್ತರಿಯನ್ನು ಜೇಬಿಗೆ ಹಾಕಿಕೊಂಡು, ಮತ್ತೆ ತೆಗೆದ.

ಆಯಿ ನನ್ನ ಕಡೆ ತಿರುಗಿದಳು. ಬುತ್ತಿಯ ಗಂಟನ್ನು ಬಿಚ್ಚಿ ಅಹ್ಮದಸಾಬನ ಮುಂದಿಟ್ಟು, "ಉಣ್ಣು, ಆರಿ ಹೋಗ್ತೈತಿ," ಎಂದು ಮನೆಯ ದಾರಿ ಹಿಡಿದಳು. ಬದುವಿನ ಮೇಲೆ ಅವಳ ಹಿಂದೆ ನಡೆಯುತ್ತಾ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿದೆ. ಜೋಡಿಸಿ ಮುಗಿಸುವ ಮೊದಲೇ ಮನೆ ಬಂತು.

ಅವತ್ತು ಮಧ್ಯಾಹ್ನವೇ ಆಯಿ ಹಿತ್ತಲಲ್ಲಿ, ಬಚ್ಚಲಿನ ಪಕ್ಕದ ತಗಡಿನ ಕೆಳಗೆ ಮೂರು ಕಲ್ಲು ಹೂಡಿದಳು. ಒಂದು ಹಂಚು, ಒಂದು ಸಣ್ಣ ಗಡಿಗೆ, ತಾನು ಉಣ್ಣುವ ಗಂಗಾಳ. ಹೊಳೆಯ ದಂಡೆಯ ಅರ್ಧ ಎಕರೆಯಲ್ಲಿ ಅವಳೇ ಬಿತ್ತಿಸಿದ ಜೋಳದ ಚೀಲ ಕಾಳು ತುಂಬುವ ಹಗೇವಿನ ಬಳಿ ಇತ್ತು. ಅದರಿಂದ ನಾಲ್ಕು ಸೇರು ಅಳೆದುಕೊಂಡಳು.

"ಇದೇನತ್ತಿ?" ಎಂದು ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಸೆರೆ ರೊಕ್ಕದ್ದು, ಲಿಂಗಕ್ಕ ತೋರಸಲಾಕ ಬರಲಾರದ್ದು ನಾ ಉಣ್ಣೂದಿಲ್ಲ ಸುನಂದಾ. ನಿಮ್ಮ ಅಡಗಿಗೆ ನಾ ಏನೂ ಅನ್ನೂದಿಲ್ಲ. ನಂದ ನನಗ."

"ಮಂದಿ ಏನ ಅಂದಾರು? ಅತ್ತೀನ ಹಿತ್ತಲಕ್ಕ ಹಾಕ್ಯಾಳ ಅಂತಾರ ನನಗ."

"ಹೇಳು ಅವರಿಗೆ, ಮುದುಕಿ ತಾನ ಹೋಗ್ಯಾಳ ಅಂತ."

ಅಪ್ಪ ಸಂಜೆ ಬಂದು ಒಲೆ ನೋಡಿದ. ಕಾಲು ತೊಳೆಯದೆ ಅಲ್ಲೇ ನಿಂತ.

"ಯವ್ವಾ, ಹೊಳೀ ದಂಡಿ ಹೊಲದಾಗ ಮೊದಲ ಇಷ್ಟ ವರ್ಷ ಕಬ್ಬು ಹಾಕಿದ್ವಿ. ಫ್ಯಾಕ್ಟರಿಯೊಳಗ ಅದರಿಂದ ಬರೇ ಸಕ್ರಿ ಆಗ್ತಿತ್ತೇನು? ಸೆರೆನೂ ಆಗ್ತಿತ್ತು. ಆವಾಗ ಉಂಡಿ."

"ಉಂಡೆ. ಗೊತ್ತಿರಲಿಲ್ಲ, ಉಂಡೆ. ಗೊತ್ತಿಲ್ಲದ್ದು ಬ್ಯಾರೆ ಶಿವಪ್ರಕಾಶ. ಗೊತ್ತಾಗದಂಗ ಮಾಡಿದ್ದು ಬ್ಯಾರೆ."

"ಖರೆ ಹೇಳಿದ್ರ ಸಹಿ ಮಾಡ್ತಿದ್ದೇನು?"

"ಮಾಡ್ತಿದ್ದಿಲ್ಲ."

"ಮತ್ತ?"

"ಮತ್ತೇನು? ಅದಕ್ಕ ಸುಳ್ಳ ಹೇಳಿದಿ. ಕೈಕಾಲು ತೊಳಕೊಂಡು ಉಣ್ಣ ಹೋಗು."

*

ಎರಡು ವಾರ ಹೀಗೇ ನಡೆಯಿತು. ಬೆಳಿಗ್ಗೆ ಎರಡು ಕಡೆ ಹೊಗೆ ಏಳುತ್ತಿತ್ತು. ಅವ್ವ ಪಲ್ಯ ಮಾಡಿದ ದಿನ ಅರ್ಧ ಬಟ್ಟಲು ಆಯಿಗೆಂದು ತೆಗೆದಿಟ್ಟು, ಸಂಜೆ ತಾನೇ ಉಣ್ಣುತ್ತಿದ್ದಳು. ಆಯಿ ಅಂಗಳ ಗುಡಿಸುವುದನ್ನು ಬಿಡಲಿಲ್ಲ, ಎಮ್ಮೆಗೆ ಹಿಂಡಿ ಇಡುವುದನ್ನು ಬಿಡಲಿಲ್ಲ, ಅಪ್ಪನ ಕೆಮ್ಮಿಗೆ ಕಷಾಯ ಕುದಿಸುವುದನ್ನೂ ಬಿಡಲಿಲ್ಲ. ಬಿಟ್ಟದ್ದು ಎರಡೇ. ನಮ್ಮ ಪಂಕ್ತಿಯಲ್ಲಿ ಕೂಡುವುದನ್ನು, ಮತ್ತೆ "ಓದು ಭುವನಾ" ಎನ್ನುವುದನ್ನು.

ಬ್ಯಾಂಕಿನ ಮೆಸೇಜು ಬಂದರೆ ಫೋನು ಹಿಡಿದು ಪಕ್ಕದ ಮನೆಯ ಅಂಗನವಾಡಿ ಕಸ್ತೂರಿಯ ಹತ್ತಿರ ಹೋಗುತ್ತಿದ್ದಳು. ಒಂದು ದಿನ ಬಿ.ಪಿ. ಗುಳಿಗೆಯ ಹೊಸ ಪಟ್ಟಿಯ ಮೇಲೆ ಔಷಧಿ ಅಂಗಡಿಯವ ಗೀಚಿದ್ದನ್ನು ಅಹ್ಮದಸಾಬನಿಗೆ ತೋರಿಸುತ್ತಿದ್ದಳು. ಅವನು ಮೂರನೆಯ ಇಯತ್ತೆವರೆಗೆ ಕಲಿತವನು. ಒಂದೊಂದೇ ಅಕ್ಷರ ಕೂಡಿಸಿ, ಬೆವರಿ, "ಬೆಳಿಗ್ಗಿದ್ದ ಅನ್ನಿಸ್ತೈತ್ರಿ ಆಯಿ," ಎಂದ. ಅದು ರಾತ್ರಿಯ ಗುಳಿಗೆ ಎಂದು ಕಿಟಕಿಯ ಒಳಗೆ ನಿಂತ ನನಗೆ ಗೊತ್ತಿತ್ತು. ಅವ್ವನ ಕಿವಿಯಲ್ಲಿ ಹೇಳಿದೆ. ಅವ್ವ ಹೋಗಿ ಹೇಳಿದಳು.

ಭಾನುವಾರ ಹುನಗುಂದದಿಂದ ಅಮರೇಶ ಕಾಕಾ ಬಂದ. ಅಪ್ಪನ ತಮ್ಮ, ಅಲ್ಲಿ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಬರುವಾಗ ಅಮೀನಗಡದಲ್ಲಿ ಬಸ್ಸಿಳಿದು ಕರದಂಟು ತಂದಿದ್ದ. ಆಯಿ ಅದನ್ನು ಲಿಂಗಕ್ಕೆ ತೋರಿಸಿ ಒಂದು ತುಂಡು ತಿಂದಳು. ಅವನ ಸಂಬಳದ್ದಲ್ಲವೇ. ಅದು ಅಪ್ಪನಿಗೆ ಚುಚ್ಚಿತು.

ಊಟಕ್ಕೆ ಕುಳಿತಾಗ ಕಾಕಾ ಶುರು ಮಾಡಿದ. "ಅಣ್ಣಾ, ನಮ್ಮ ಮನಿತನ ಎಂಥಾದ್ದು. ಸೆರೆಗೆ ಹಣ್ಣ ಬೆಳಿಯೂದಂದ್ರ..."

"ನೀ ಮಾತಾಡಬ್ಯಾಡ ಅಮರೇಶ."

"ಯಾಕ ಮಾತಾಡಬಾರದು? ನಮ್ಮವ್ವ ಹಿತ್ತಲದಾಗ ರೊಟ್ಟಿ ಬಡೀತಾಳ."

"ಆರು ತಿಂಗಳಿಗೊಮ್ಮೆ ಆಫೀಸಿನವರ ಜೋಡಿ ಇಲಕಲ್ಲ ರಸ್ತೆ ಧಾಬಾಕ್ಕ ಯಾಕ ಹೋಗ್ತಿ ಅಂತ ಹೇಳು ಮೊದಲು. ನಾ ಬೆಳೀತೇನಿ, ಬಾಯಿಗೆ ಹಚ್ಚಿಲ್ಲ. ನೀ ಬೆಳೆಯೂದಿಲ್ಲ, ಅಷ್ಟ."

ಕಾಕಾನ ಕೈಯ ತುತ್ತು ಸಾರಿನಲ್ಲಿ ಬಿತ್ತು. ಅವ್ವ ನನ್ನನ್ನು ನೋಡಿ ಒಳಗೆ ಹೋಗು ಎಂದು ಕಣ್ಣು ಮಾಡಿದಳು. ಬಾಗಿಲಲ್ಲಿ ಆಯಿ ನಿಂತಿದ್ದಳು.

"ಅದು ನನಗ ಗೊತ್ತೈತಿ," ಎಂದಳು ಆಯಿ. "ಅಲ್ಲಿಗೆ ಹೋಗಿ ಬಂದ ಮರುದಿನ ಇವನ ಬಾಯಾಗ ಯಾಲಕ್ಕಿ ವಾಸನಿ ಬರ್ತಿತ್ತು. ನಾ ಕೇಳಿಲ್ಲ, ಅವ ಹೇಳಿಲ್ಲ. ಸುಳ್ಳಂತೂ ಹೇಳಿಲ್ಲ. ಸಾರ ಆರತೈತಿ, ಉಣ್ರಿ ಇಬ್ರೂ."

ಇಬ್ಬರೂ ತಲೆ ತಗ್ಗಿಸಿ ಉಂಡರು. ನಾಲ್ಕು ಗಂಟೆಯ ಬಸ್ಸಿಗೆ ಹೋಗಬೇಕಾಗಿದ್ದ ಕಾಕಾ ಎರಡರ ಬಸ್ಸಿಗೇ ಹೋದ.

*

ಮರುದಿನ ಆಯಿ ಶಿವಯೋಗ ಮಂದಿರಕ್ಕೆ ಹೊರಟಳು. ಒಬ್ಬಳನ್ನೇ ಕಳಿಸುವಂತಿರಲಿಲ್ಲ. ಅವ್ವ ನನ್ನ ಕೈಗೆ ಚೀಲ ಕೊಟ್ಟಳು. ಆಯಿ ಬೇಡ ಎನ್ನಲಿಲ್ಲ. ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ, ಬದಾಮಿಯಲ್ಲಿ ಇನ್ನೊಂದು ಬಸ್ಸು ಹಿಡಿದೆವು. ಬೋರ್ಡು ಓದಲು ಅವಳು ಕಂಡಕ್ಟರನನ್ನು ಕೇಳಿದಳು. ನಾನು ಪಕ್ಕದಲ್ಲೇ ಇದ್ದೆ.

ದಾಸೋಹದ ಅಡುಗೆಮನೆಯ ಹಿರಿಯ, ದೊಡ್ಡ ಹುಟ್ಟು ಹಿಡಿದು ಸಾರು ತಿರುವುತ್ತಿದ್ದ. ಆಯಿ ಅವನ ಮುಂದೆ ಸೆರಗು ಹೊದ್ದು ನಿಂತು, ಕಳಿಸಿದ ಬುಟ್ಟಿಯ ಹಣ್ಣು ಯಾವುದಕ್ಕೆ ಬೆಳೆದದ್ದೆಂದು ಹೇಳಿದಳು. ತನಗೆ ಗೊತ್ತಿರಲಿಲ್ಲ, ತಪ್ಪಾಯಿತು ಎಂದಳು. ನನ್ನ ಹೆಸರು ತೆಗೆಯಲಿಲ್ಲ.

ಅವನು ಹುಟ್ಟು ನಿಲ್ಲಿಸಿ ನಕ್ಕ. "ಅದಾ ಯವ್ವಾ? ಭಾಳ ಹುಳಿ ಇತ್ತು. ಯಾರೂ ತಿನ್ನಲಿಲ್ಲ. ಹುಣಚಿಹಣ್ಣು ತೀರಿತ್ತು, ಸಾರಿಗೆ ಹಾಕಿದ್ವಿ. ಚಲೋ ಆಗಿತ್ತು ಸಾರು. ಅದರಾಗ ತಪ್ಪೇನೈತಿ?"

ಆಯಿಗೂ ನಗು ಬಂತು. ತಡೆದುಕೊಂಡಳು. ಉಂಡೆವು, ಹೊಳೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತೆವು. ಮಲಪ್ರಭೆಯಲ್ಲಿ ನೀರು ಕಡಿಮೆಯಿತ್ತು. ಬಂಡೆಗಳ ನಡುವೆ ಸತ್ಯವ್ವ ಎಂಬ ಪರಿಚಯದ ಹೆಂಗಸು ಬಟ್ಟೆ ಒಗೆಯುತ್ತಾ ಅಲ್ಲಿಂದಲೇ ಕ್ಷೇಮ ಕೇಳಿದಳು.

"ಆಯಿ, ತಪ್ಪಿಲ್ಲ ಅಂದ್ರಲ್ಲ ಅವರು," ಎಂದೆ. ಎರಡು ವಾರದಲ್ಲಿ ನಾನು ಅವಳಿಗೆ ಹೇಳಿದ ಮೊದಲ ಪೂರ್ತಿ ವಾಕ್ಯ ಅದು.

"ಅವರು ಅಂತಾರ. ಅವರ ಮುಂದ ಕುಂತು ಯಾರೂ ಕಾಗದ ಓದಿಲ್ಲ."

ಬದಾಮಿಗೆ ಮರಳುವ ಬಸ್ಸು ಹಿಡಿದೆವು. ಆಯಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿರಲಿಲ್ಲ ಎಂದು ಅವಳ ಬೆರಳು ಹೇಳುತ್ತಿತ್ತು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ತಡವುತ್ತಲೇ ಇತ್ತು.

*

ಕಂಪನಿಯ ಕಡೆಯಿಂದ ತೋಟ ನೋಡಲು ಬರುವವನು ದುಂಡೇಶ. ಬಾಗಲಕೋಟೆಯಲ್ಲಿ ತೋಟಗಾರಿಕೆ ಓದಿದವನು, ನನಗಿಂತ ಎರಡು ವರ್ಷ ದೊಡ್ಡವನಿರಬಹುದು. ಹಣ್ಣಿನ ಒಂದು ಹನಿ ರಸವನ್ನು ಗಾಜಿನ ಮೇಲೆ ಬಿಟ್ಟು, ಸಣ್ಣ ಕೊಳವೆಯಲ್ಲಿ ಕಣ್ಣಿಟ್ಟು ಸಿಹಿ ಎಷ್ಟು ಬಂದಿದೆ ಎಂದು ಹೇಳುತ್ತಿದ್ದ. ಹದಿನೇಳು ಬಂದಿದೆ, ಹತ್ತೊಂಬತ್ತಕ್ಕೆ ಕೊಯ್ಯೋಣ ಎಂದ. ಆಯಿ ಅವನಿಗೆ ಮಜ್ಜಿಗೆ ಕೊಟ್ಟು ಕೇಳಿದಳು:

"ಆ ಇಟಲಿಯಾಗ ಇದು ದೊಡ್ಡ ಮಂದಿ ತಿನ್ನೂ ಹಣ್ಣೇನು?"

"ಇಲ್ಲರಿ ಆಯಿ. ಸಾದಾ ಹಣ್ಣು. ಅಜ್ಜ ಮುತ್ತಜ್ಜರ ಕಾಲದಿಂದ ಎಲ್ಲಾ ಕಡೆ ಬೆಳೀತಾರ. ನಮ್ಮ ಬಿಳಿಜ್ವಾಳ ಇದ್ದಂಗ."

"ಮತ್ತ ಬರೇ ಸೆರೆನ ಮಾಡ್ತಾರ?"

"ಒಂದ ಕಡೆ ರಸಾ ಕುದಿಸಿ ಕುದಿಸಿ ಗಟ್ಟಿ ಮಾಡ್ತಾರಂತ್ರಿ, ಕಾಕಂಬಿ ಗತೆ. ಆಮ್ಯಾಲ ಅದನ್ನ ಹುಳಿ ಬರೂಹಂಗ ವರ್ಷಾನುಗಟ್ಲೆ ಇಡ್ತಾರ."

ಅದು ಅವ್ವನ ಕಿವಿಗೆ ಬಿತ್ತು. ಮರುದಿನ ಅಪ್ಪ ತೋಟಕ್ಕೆ ಹೋದ ಮೇಲೆ ಅವ್ವ ಎರಡು ಬುಟ್ಟಿ ಹಣ್ಣು ಕಿವುಚಿ, ಬಟ್ಟೆಯಲ್ಲಿ ಸೋಸಿ, ಮದುವೆಯಲ್ಲಿ ತವರಿನವರು ಕೊಟ್ಟ ತಾಮ್ರದ ಹಂಡೆಯಲ್ಲಿ ಒಲೆಗೇರಿಸಿದಳು. "ಕಾಕಂಬಿ ಆದ್ರ ಲಿಂಗಕ್ಕ ತೋರಸಬಹುದಲ್ಲ? ಸೆರೆ ಅಲ್ಲಲ್ಲ?" ಎಂದು ನನ್ನನ್ನು ಕೇಳಿದಳು. ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಇಬ್ಬರೂ ಸರದಿಯಲ್ಲಿ ತಿರುವಿದೆವು. ಎಮ್ಮೆ ಕಿತ್ತುಕೊಂಡು ಓಡಿತೆಂದು ಹತ್ತು ನಿಮಿಷ ಹೊರಗೆ ಹೋಗಿ ಬಂದೆವು. ಅಷ್ಟರಲ್ಲಿ ತಳ ಹತ್ತಿ ಕರಕಲಾಗಿತ್ತು. ಮನೆಯ ತುಂಬ ಕಮಟು ವಾಸನೆ.

ಅವ್ವ ಹಂಡೆಯನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಅದರ ಮುಂದೆ ಕುಳಿತು ಅತ್ತಳು. ಸದ್ದು ಮಾಡಲಿಲ್ಲ. ಮೂಗು ಒರೆಸಿಕೊಂಡು ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು.

ಆಯಿ ತನ್ನ ಒಲೆಯ ಬೂದಿಯನ್ನು ಮೊರದಲ್ಲಿ ತಂದು, ಒಂದು ತುಂಡು ಹುಣಸೆಹಣ್ಣು ಹಾಕಿ, ಅವ್ವನ ಎದುರು ಕುಳಿತಳು. "ಆಚೆ ಸರಿ. ಹಂಗ ತಿಕ್ಕಿದ್ರ ಹೋಗೂದಿಲ್ಲ."

"ನಿಮ್ಮ ಸಲುವಾಗಿ ಮಾಡಿದ್ನಿ ಅತ್ತಿ."

"ಗೊತ್ತಾತು. ಆ ಕಡೆ ಹಿಡಿ."

ಇಬ್ಬರೂ ಕತ್ತಲಾಗುವ ಮೊದಲು ಹಂಡೆಯನ್ನು ಬೆಳಗಿದರು. ತಳದಲ್ಲಿ ಒಂದು ಅಂಗೈಯಗಲದ ಕಪ್ಪು ಉಳಿಯಿತು. ಆದರೂ ಆಯಿ ಅವತ್ತು ಉಂಡದ್ದು ಹಿತ್ತಲಲ್ಲೇ.

*

ಮಾರ್ಚಿನ ಎರಡನೆಯ ವಾರ ದುಂಡೇಶನ ಕೊಳವೆಯಲ್ಲಿ ಹತ್ತೊಂಬತ್ತು ಬಂತು. ಗುರುವಾರ ಲಾರಿ ಬರುತ್ತದೆ, ಅದಕ್ಕೆ ಮೊದಲು ಹೊಲದ ಒಡೆಯರ ಒಪ್ಪಿಗೆ ಸಹಿ ಬೇಕು ಎಂದು ಬುಧವಾರ ಕಾಗದ ತಂದ. ಸಹಿ ಆಗದಿದ್ದರೆ ಹಣ್ಣು ಬಳ್ಳಿಯಲ್ಲೇ. ಹುಳಿ, ಬೀಜದ ಹಣ್ಣು ಸಂತೆಯಲ್ಲಿ ಯಾರೂ ಕೊಳ್ಳರು, ಮಣೂಕಕ್ಕೂ ಬಾರದು. ಮೂರು ವರ್ಷದ ಕೆಲಸ ಅಲ್ಲಿ ತೂಗುತ್ತಿತ್ತು.

ಅಪ್ಪ ಮತ್ತೆ ನನ್ನನ್ನು ಕೊಟ್ಟಿಗೆಗೆ ಕರೆದ. "ನೀ ಹೇಳು ಆಯಿಗೆ. ನಿನ್ನ ಮಾತ ಕೇಳ್ತಾಳ."

"ಈಗ ಕೇಳೂದಿಲ್ಲಪ್ಪ."

ಅಪ್ಪ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ನಿಂತ. ಅವನ ಗಡ್ಡದಲ್ಲಿ ಇಷ್ಟು ಬಿಳಿ ಯಾವಾಗ ಬಂತೋ ನಾನು ನೋಡಿರಲಿಲ್ಲ.

ಪಡಸಾಲೆಯಲ್ಲಿ ಎಲ್ಲರೂ ಕುಳಿತರು. ಆಯಿ ಕಂಬಕ್ಕೆ ಒರಗಿ, "ಹೊಸಾದು ಆಮ್ಯಾಲ. ಆ ಹಳೇ ಕಾಗದ ತಗೀರಿ," ಎಂದಳು.

"ನಾ ಓದಲೇನ್ರಿ ಆಯಿ?" ದುಂಡೇಶ ಕೈ ಚಾಚಿದ.

"ನಾ ಓದ್ತೇನಿ," ಎಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು. ಆಯಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮೊದಲ ಹಾಳೆಯಿಂದ ಓದಿದೆ. ಸರ್ವೆ ನಂಬರು, ಗಡಿ, ಕಂಬದ ಲೆಕ್ಕ. ನಾಲ್ಕನೆಯ ಕಲಂ ಮುಗಿಯಿತು. ಹಾಳೆಯ ಮೇಲೆ ಬೆರಳಿಟ್ಟೆ. "ಐದು. ಸದರಿ ಹಣ್ಣನ್ನು ಕಂಪನಿಯು ಬಿಳಿ ವೈನ್ ತಯಾರಿಕೆಗಾಗಿ ಮಾತ್ರ ಬಳಸತಕ್ಕದ್ದು." ಉಸಿರು ತೆಗೆದುಕೊಂಡೆ. "ಹೋದ ಸಲ ಇದನ್ನ ನಾ ಓದಿರಲಿಲ್ಲ ಆಯಿ. ಕಣ್ಣು ತಪ್ಪಿ ಅಲ್ಲ. ಬೇಕಂತ ಬಿಟ್ಟೆ."

"ನಾ ಹೇಳಿದ್ದೆ ಯವ್ವಾ," ಎಂದ ಅಪ್ಪ. "ಆಕೀದೇನೂ ಇಲ್ಲ."

"ನೀ ಹೇಳಿದಿ. ಓದಿದಾಕಿ ಆಕಿ." ಆಯಿ ನನ್ನನ್ನೇ ನೋಡುತ್ತಿದ್ದಳು. ಅವ್ವನ ಬಳೆ ಒಮ್ಮೆ ಸದ್ದಾಯಿತು. ದುಂಡೇಶ ತನ್ನ ಬೂಟಿನ ಲೇಸು ನೋಡುತ್ತಿದ್ದ.

"ಮುಂದ ಓದು. ಇನ್ನೂ ಹಾಳಿ ಅದಾವ."

ಓದಿದೆ. ಹನ್ನೊಂದನೆಯದರಲ್ಲಿ, ಕೊಯ್ಲು ಮುಗಿದ ಮೂರು ತಿಂಗಳೊಳಗೆ ತಿಳಿಸಿ ಒಡೆಯರು ಕರಾರಿನಿಂದ ಹೊರಬರಬಹುದು ಎಂದಿತ್ತು.

"ಇದನ್ನ ಹೋದ ಸಲ ಓದಿದ್ದಿ," ಎಂದಳು ಆಯಿ. "ನೆನಪೈತಿ ನನಗ."

ಮೂರು ವರ್ಷದ ಹಿಂದೆ ಕೇಳಿದ್ದು. ನಾನು ಓದಿದ್ದನ್ನೆಲ್ಲ ಅವಳು ಹಾಗೆ ಕೇಳಿಸಿಕೊಳ್ಳುತ್ತಿದ್ದಳು.

ಕೊನೆಯ ಹಾಳೆಯ ಕೆಳಗೆ ಅವಳ ಸಹಿ ಇತ್ತು. ಅದನ್ನೂ ಓದಿದೆ. ಆಯಿ ದುಂಡೇಶನನ್ನು ಕೇಳಿದಳು, "ಈ ಬುಡದ ಮ್ಯಾಲ ಬ್ಯಾರೆ ಹಣ್ಣಿನ ಟೊಂಗಿ ಕಸಿ ಹಾಕಾಕ ಬರ್ತೈತೇನು?"

"ಬರ್ತೈತ್ರಿ. ಒಂದ ವರ್ಷ ಫಲ ಇರೂದಿಲ್ಲ ಅಷ್ಟ."

"ಹಂಗಾದ್ರ ಬಳ್ಳಿ ಕಡಿಯೂದು ಬ್ಯಾಡ." ಆಯಿ ಅಪ್ಪನ ಕಡೆ ತಿರುಗಿದಳು. "ಈ ಹಣ್ಣ ಒಯ್ಯಲಿ. ಕೇಳಿ ಮಾಡೀನೋ ಕೇಳದ ಮಾಡೀನೋ, ಸಹಿ ಮಾಡಿದ ಕೈ ನಂದು. ಆ ರೊಕ್ಕದಾಗಿಂದು ನನ್ನ ಗಂಗಾಳಕ್ಕ ಬರಬಾರದು. ಮೂರ ತಿಂಗಳು ಐತಿ. ಎಲ್ಲಾರೂ ಕುಂತು ಮಾತಾಡೂಣು. ನಿನಗೇನ ಅಡಚಣಿ ಐತಿ ಅದನ್ನ ನನ್ನ ಮುಂದ ಹೇಳು, ಕೊಟ್ಟಿಗ್ಯಾಗಲ್ಲ."

ಅಪ್ಪ ತಲೆಯಾಡಿಸಿದ.

ಆಯಿ ಪೆನ್ನಿಗಾಗಿ ಕೈ ಚಾಚಿದಳು. ಎಲ್ಲಿ ಬರೆಯಬೇಕೆಂದು ನಾನು ಬೆರಳಿಟ್ಟು ತೋರಿಸಲು ಹೋದೆ. ಅವಳು ನನ್ನ ಕೈ ಸರಿಸಿ, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ತಾನೇ ಜಾಗ ಹುಡುಕಿ ಬರೆದಳು. ತುಂಬ ಹೊತ್ತು ಹಿಡಿಯಿತು.

ಗುರುವಾರ ಲಾರಿ ಹೋಯಿತು. ಅಹ್ಮದಸಾಬ ಖಾಲಿ ಬಳ್ಳಿಗಳ ನಡುವೆ ಬಿದ್ದ ಎಲೆಗಳನ್ನು ಗುಡ್ಡೆ ಹಾಕಿದ. ಹಿತ್ತಲ ಒಲೆ ಆರಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ಆಯಿ ತನ್ನ ಒಲೆಯ ರೊಟ್ಟಿಯನ್ನು ತನ್ನ ಗಂಗಾಳದಲ್ಲಿ ಇಟ್ಟುಕೊಂಡು ಒಳಗೆ ಬಂದು ನಮ್ಮ ಪಂಕ್ತಿಯ ಕೊನೆಯಲ್ಲಿ ಕುಳಿತಳು. ಅವ್ವ ನೀರಿನ ತಂಬಿಗೆಯನ್ನು ಅವಳ ಕಡೆ ಸರಿಸಿದಳು.

ಉಂಡು ಕೈ ತೊಳೆದ ಮೇಲೆ ಆಯಿ ಸೆರಗಿನ ಗಂಟು ಬಿಚ್ಚಿ ಗುಳಿಗೆಯ ಹೊಸ ಪಟ್ಟಿಯನ್ನು ತೆಗೆದು ನನ್ನ ಮುಂದೆ ಹಿಡಿದಳು.

"ಓದು."

"ರಾತ್ರಿ ಉಂಡ ಮ್ಯಾಲ ಒಂದು," ಎಂದೆ.

"ಅದಲ್ಲ. ಎಲ್ಲಾ ಓದು."

ಓದಿದೆ. ಗುಳಿಗೆಯ ಹೆಸರು, ತೂಕ, ತಯಾರಾದ ತಿಂಗಳು, ಕೆಡುವ ತಿಂಗಳು, ಬೆಲೆ, ಯಾವುದೋ ಉದ್ದನೆಯ ನಂಬರು, ತಂಪಾದ ಜಾಗದಲ್ಲಿಡಿ, ಮಕ್ಕಳ ಕೈಗೆ ಸಿಗದಂತಿಡಿ. ಆಯಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ, ಒಂದೊಂದಕ್ಕೂ ತಲೆಯಾಡಿಸುತ್ತಾ ಕೇಳಿದಳು. ಪಟ್ಟಿಯ ಹಿಂದೆ ಇನ್ನೂ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ತಿರುಗಿಸಿ, ಬೆಳಕಿಗೆ ಹಿಡಿದು, ಅದನ್ನೂ ಓದಿದೆ.